ಕೊರಳಿಗೆ ಬಂದ ಗುಣಾಕಾರ

ಯಡ್ರಾಮಿ ಕಡೆಯ ಹಳೆಯ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆ ತೆರೆದರೆ ಬೋರಮಳ, ಗುಂಡಿನ ಸರ, ಟೀಕಿ ಕಾಣಸಿಗುವುದುಂಟು. ಅದೇ ಮನೆಯ ಮೊಮ್ಮಗಳ ಚೀಲದಲ್ಲಿ ಗಣಿತದ ಪುಸ್ತಕ. ಪೆಟ್ಟಿಗೆಗೂ ಪುಸ್ತಕಕ್ಕೂ ಎತ್ತಣ ನಂಟು? ಅದನ್ನು ಹುಡುಕಲು ಜಿಲ್ಲೆ ದಾಟಬೇಕಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದವರೆಗೆ ಹೋದರೆ ಸಾಕು.

ಕಾಗಿಣಾ ದಂಡೆಯ ಮಳಖೇಡ ಆಗ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥದ ಆರಂಭದಲ್ಲಿಯೇ ದೊರೆಯನ್ನು ಹೊಗಳಿದ್ದಾನೆ. ಭಾಷೆ ಸಂಸ್ಕೃತ, ಲೆಕ್ಕಗಳೆಲ್ಲ ಪದ್ಯದಲ್ಲಿ. ಮುತ್ತು, ರತ್ನ, ಚಿನ್ನ ಎಂದರೆ ಈ ಲೆಕ್ಕಿಗನಿಗೆ ಅದೇನು ಪ್ರೀತಿಯೋ, ಮತ್ತೆ ಮತ್ತೆ ಆಭರಣದ ಮಾತಿಗೇ ಬರುತ್ತಾನೆ.

ಮೊದಲಿಗೆ ಗುಣಾಕಾರ. 139ನ್ನು 109ರಿಂದ ಗುಣಿಸಿರಿ: 15151. 27994681ನ್ನು 441ರಿಂದ ಗುಣಿಸಿರಿ: 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಸಂಖ್ಯೆ. ಕೊರಳಿನ ಸರವೂ ಹೀಗೆಯೇ ಅಲ್ಲವೆ? ನಡುವಿನ ಪದಕದಿಂದ ಎಡಕ್ಕೆ ಹೇಗೋ ಬಲಕ್ಕೂ ಹಾಗೆ. ಆಚಾರ್ಯನ ಕಣ್ಣಿಗೂ ಇದು ಬಿದ್ದಿತ್ತು. ಇಂಥ ಗುಣಲಬ್ಧಗಳನ್ನು ಆತ ಕಂಠಿಕೆ, ಕಂಠಾಭರಣ ಎಂದೇ ಕರೆದ.

ಆ ಕಂಠಾಭರಣವನ್ನು ಮನೆಯಲ್ಲಿ ನಿಜವಾಗಿಯೂ ಪೋಣಿಸಬಹುದು. ಬೇಕಾದದ್ದು ಗಟ್ಟಿ ದಾರ, ಜಾತ್ರೆಯಲ್ಲಿ ಸಿಗುವ 36 ಬಣ್ಣದ ಗಾಜಿನ ಮಣಿ, 10 ಕರಿಮಣಿ. ಮೊದಲು ಒಂದು ಬಣ್ಣದ ಮಣಿ, ಒಂದು ಕರಿಮಣಿ. ಬಳಿಕ ಎರಡು ಬಣ್ಣದ ಮಣಿ, ಮತ್ತೆ ಕರಿಮಣಿ. ಹೀಗೆ ಆರರವರೆಗೆ ಏರಿ, ಒಂದರವರೆಗೆ ಇಳಿಯಿರಿ. ಸರ ಮುಗಿದಾಗ 12345654321 ಕೊರಳಿನಲ್ಲಿರುತ್ತದೆ. ಬಣ್ಣದ ಮಣಿ 36 ಏಕೆ? ಒಂದರಿಂದ ಆರಕ್ಕೆ ಏರಿ ಇಳಿದರೆ ಮೊತ್ತ 6ರ ವರ್ಗ. ಆ ದೊಡ್ಡ ಸಂಖ್ಯೆಯೂ 111111ರ ವರ್ಗವೇ. ಮಕ್ಕಳು ಇದನ್ನು ತಾವೇ ಗುಣಿಸಿ ನೋಡಲಿ. ಕ್ಯಾಲ್ಕುಲೇಟರಿಗೆ ಅಂದು ರಜೆ.

ಒಂದು ಎಚ್ಚರಿಕೆ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿ ಕೆಂಪು-ಕಪ್ಪಾಗಿ ಅಂದವಾಗಿದೆಯೆಂದು ಅದನ್ನು ಮಾತ್ರ ಪೋಣಿಸಬಾರದು. ಬೀಜದೊಳಗೆ ಘೋರ ವಿಷವಿದೆ. ಗಟ್ಟಿ ಸಿಪ್ಪೆಯನ್ನು ಸೂಜಿಯಿಂದ ಚುಚ್ಚಿದರೆ ಇಲ್ಲವೆ ಮಗು ಅಗಿದರೆ ಪ್ರಾಣಕ್ಕೇ ಅಪಾಯ.

ಇನ್ನೊಂದು ಲೆಕ್ಕ ಪೋಣಿಸುವ ಮೊದಲೇ ಯೋಚಿಸಬೇಕಾದದ್ದು. ವಜ್ರ, ಇಂದ್ರನೀಲ, ಪಚ್ಚೆ, ಹವಳ, ಮುತ್ತು, ಈ ಐದರಿಂದ ಎಷ್ಟು ಬಗೆಯ ಮಾಲೆಗಳಾಗುತ್ತವೆ? ಒಂದೇ ಬಗೆಯದು 5, ಎರಡು ಬೆರೆತದ್ದು 10, ಮೂರು ಬೆರೆತದ್ದು 10, ನಾಲ್ಕು ಬೆರೆತದ್ದು 5, ಐದೂ ಇದ್ದದ್ದು 1. ಒಟ್ಟು 31. ಕಾಲೇಜಿನಲ್ಲಿ ‘ವಿಕಲ್ಪ’ ಎಂದು ಹೆದರಿಸುವ ಪಾಠ ಇದೇ. ಐದು ಬಣ್ಣದ ಮಣಿ ಮುಂದಿಟ್ಟರೆ ಏಳನೆಯ ತರಗತಿಯ ಹುಡುಗಿಯೂ ಎಣಿಸಿಯಾಳು.

ಎಲ್ಲಕ್ಕಿಂತ ಸ್ವಾರಸ್ಯದ್ದು ಹರಿದ ಮುತ್ತಿನ ಹಾರ. ವಸಂತದ ಒಂದು ರಾತ್ರಿ ಗಂಡ-ಹೆಂಡಿರ ಪ್ರಣಯಕಲಹದಲ್ಲಿ ಹಾರ ಹರಿಯಿತು. ಮೂರನೆಯ ಒಂದು ಭಾಗ ದಾಸಿಯ ಬಳಿ, ಆರನೆಯ ಒಂದು ಭಾಗ ಹಾಸಿಗೆಯ ಮೇಲೆ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿ. ಕೊನೆಗೆ ಉಳಿದದ್ದು 1161 ಮುತ್ತು. ಹಾರದಲ್ಲಿದ್ದವೆಷ್ಟು? ದಾಸಿಯದೂ ಹಾಸಿಗೆಯದೂ ಸೇರಿ ಅರ್ಧ ಹೋಯಿತು. ಉಳಿದರ್ಧವನ್ನು ಆರು ಸಲ ಅರ್ಧಿಸಿದರೆ 128ನೆಯ ಒಂದು ಭಾಗ. 1161ನ್ನು 128ರಿಂದ ಗುಣಿಸಿದರೆ 1,48,608. ಇಷ್ಟು ಮುತ್ತು ಹೊತ್ತ ಕೊರಳಿನ ಗತಿ ಏನೆಂದು ಲೆಕ್ಕದ ಮೇಷ್ಟರು ಕೇಳುವುದಿಲ್ಲ!

ಪಾಲಕರಿಗೆ ಹತ್ತಿರವಾದ ಲೆಕ್ಕ ಚಿನ್ನದ್ದು. ಅಪ್ಪಟ ಚಿನ್ನವನ್ನು 16 ವರ್ಣವೆಂದು ಹಿಡಿದು, ಬೇರೆ ಬೇರೆ ವರ್ಣದ ಚಿನ್ನ ಕರಗಿಸಿದಾಗ ಸಿಗುವ ವರ್ಣವನ್ನು ಆಚಾರ್ಯ ಲೆಕ್ಕ ಮಾಡಿಸುತ್ತಾನೆ. ಇಂದಿನ ಕ್ಯಾರೆಟ್ಟಿನಲ್ಲಿ ನೋಡೋಣವೆಂದರೆ, 22 ಕ್ಯಾರೆಟ್ಟಿನ 6 ಗ್ರಾಂ, 16 ಕ್ಯಾರೆಟ್ಟಿನ 3 ಗ್ರಾಂ ಕೂಡಿಸಿ ಕರಗಿಸಿದಿರಿ ಎನ್ನಿ. 22 ಮತ್ತು 16ರ ನಡುವಿನದು 19 ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ತೂಕದಿಂದ ಗುಣಿಸಬೇಕು: 132 ಮತ್ತು 48 ಕೂಡಿಸಿ 180, ಅದನ್ನು 9ರಿಂದ ಭಾಗಿಸಿದರೆ 20. ಆ ಒಂದು ಕ್ಯಾರೆಟ್ಟಿನ ವ್ಯತ್ಯಾಸದಲ್ಲಿ 0.375 ಗ್ರಾಂ ಅಪ್ಪಟ ಚಿನ್ನ ಕೈಬಿಡುತ್ತದೆ. ಮಗಳಿಗೆ ಗಣಿತ ಯಾತಕ್ಕೆ ಎನ್ನುವ ಮನೆಯಲ್ಲಿ ಅಜ್ಜಿಯ ಸರ ಮುರಿಸುವ ದಿನ ಇದು ನೆನಪಿಗೆ ಬರಬೇಕು.

ಇಂಥ ಗ್ರಂಥ ಹುಟ್ಟಿದ ಕಾಲದ ರಾಜಧಾನಿ ಇರುವ ಕಲಬುರಗಿ ಜಿಲ್ಲೆ 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಟ್ಟಕಡೆಗೆ ನಿಂತಿತು. ಇದು ನುಂಗಲಾರದ ತುತ್ತು. ಮಣಿ ಪೋಣಿಸಿದ ಮಾತ್ರಕ್ಕೆ ಅಂಕ ಏರುವುದಿಲ್ಲ, ನಿಜ. ಆದರೆ ಗಣಿತದ ಪುಸ್ತಕ ಮುಟ್ಟಲೇ ಅಂಜುವ ಮಗುವಿನ ಕೈಗೆ ಮೊದಲು ದಾರ ಕೊಟ್ಟು ನೋಡಬಹುದು.

ಗ್ರಂಥ ಕಪಾಟಿನಲ್ಲಿ ಮರೆಯಾಗಿಲ್ಲ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ 1912ರಲ್ಲಿ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ 2000ದಲ್ಲಿ ಹೊರಬಂತು. ಹಿಂದೆ ಜೇವರ್ಗಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಯಡ್ರಾಮಿಯ ಶಾಲೆಗಳು ಒಂದು ಪ್ರತಿ ತರಿಸಿಟ್ಟುಕೊಂಡರೆ ಹೆಚ್ಚೇನಲ್ಲ.

ಅಲ್ಲಿಯವರೆಗೆ ಇನ್ನೊಂದು ಸರ: 142857143ನ್ನು 7ರಿಂದ ಗುಣಿಸಿರಿ. ಎರಡು ತುದಿಗೆ ಎರಡು ದೊಡ್ಡ ಮಣಿ, ನಡುವೆ ಸೊನ್ನೆಗೊಂದರಂತೆ ಎಂಟು ಕರಿಮಣಿ. ಹುಡುಗರ ಮುಂಗೈಗೆ ಕಟ್ಟಲು ಇದು ಸರಿಹೋಗುತ್ತದೆ.