ಹಳೆಯ ಪಿಂಗಾಣಿ ಕಪ್ಪು: ಹವ್ಯಾಸ ಮತ್ತು ಲೆಕ್ಕಾಚಾರ

ಕೆಲವು ವರ್ಷಗಳ ಹಿಂದೆ ಲಂಡನ್ನಿಗೆ ಹೋಗಿದ್ದಾಗ, ಹಳೆಯ ವಸ್ತುಗಳನ್ನು ಮಾರುವ ಅಂಗಡಿಯೊಂದರಲ್ಲಿ ಬೋನ್ ಚೈನಾದ ಆರು ಚಹಾ ಕಪ್ಪು-ಸಾಸರುಗಳನ್ನು ಕೊಂಡೆ. ಮನೆಗೆ ತಂದು ಬಿಸಿ ಕಾಫಿ ಸುರಿದಾಗ ಒಂದು ಕಪ್ಪಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ತಿರುಗಿಸಿ ನೋಡಿದರೆ, ಎರಡು ಸಾಸರುಗಳ ತಳದ ಮುದ್ರೆಯೇ ಬೇರೆ. ಮೂವತ್ತು ವರ್ಷ ಅನ್ಯರ ದಾಸ್ತಾನನ್ನು ಪರಿಶೀಲಿಸಿದ ನಾನು ಸ್ವಂತ ಖರೀದಿಯನ್ನು ಪರಿಶೀಲಿಸಿರಲಿಲ್ಲ! ಆ ನಷ್ಟವೇ ಈ ಹವ್ಯಾಸಕ್ಕೆ ನಾನು ತೆತ್ತ ಪ್ರವೇಶ ಶುಲ್ಕ.

ಬೋನ್ ಚೈನಾ ಎಂದರೇನು?

ಹೆಸರೇ ಹೇಳುವಂತೆ ಇದರಲ್ಲಿ ಮೂಳೆಯಿದೆ. ಸುಟ್ಟ ದನದ ಮೂಳೆಯ ಬೂದಿ ಸುಮಾರು ಅರ್ಧಪಾಲು. ಉಳಿದರ್ಧ ಕಾರ್ನ್‌ವಾಲ್ ಪ್ರಾಂತದ ಬಿಳಿ ಜೇಡಿ ಮತ್ತು ಚೈನಾ ಸ್ಟೋನ್ ಎಂಬ ಶಿಲೆ. ಇದನ್ನರಿತು ಹಿಂಜರಿಯುವ ಸಸ್ಯಾಹಾರಿ ಗೃಹಸ್ಥರು ನಮ್ಮಲ್ಲಿ ಕಡಿಮೆಯೇನಿಲ್ಲ. 1790ರ ದಶಕದಲ್ಲಿ ಸ್ಟೋಕ್ ಪಟ್ಟಣದ ಸ್ಪೋಡ್ ಕಾರ್ಖಾನೆಯಲ್ಲಿ ಈ ಪಾಕ ಹದಕ್ಕೆ ಬಂದಿತು. ಜೇಡಿ ದೂರದ್ದಾದರೂ ಉದ್ಯಮ ನೆಲೆಗೊಂಡದ್ದು ಸ್ಟಾಫರ್ಡ್‌ಷೈರಿನಲ್ಲಿ. ಭಟ್ಟಿಗೆ ಬೇಕಾದ ಕಲ್ಲಿದ್ದಲು ಅಲ್ಲಿಯೇ ದೊರೆಯುತ್ತಿತ್ತು. 1777ರಲ್ಲಿ ಪೂರ್ಣಗೊಂಡ ಟ್ರೆಂಟ್-ಮರ್ಸಿ ಕಾಲುವೆ ಸಾಗಾಣಿಕೆಯನ್ನು ಸುಲಭಗೊಳಿಸಿತು. ಕಚ್ಚಾವಸ್ತುವಿಗಿಂತ ಇಂಧನವೇ ಕಾರ್ಖಾನೆಯ ಸ್ಥಳವನ್ನು ನಿರ್ಧರಿಸಿದ ನಿದರ್ಶನವಿದು.

ತಳದ ಮುದ್ರೆಯೇ ದಾಖಲೆ

ಕಪ್ಪಿನ ವಯಸ್ಸನ್ನು ಅದರ ತಳ ಹೇಳುತ್ತದೆ. ವಜ್ರಾಕಾರದ ನೋಂದಣಿ ಮುದ್ರೆಯಿದ್ದರೆ ವಿನ್ಯಾಸ 1842ರಿಂದ 1883ರೊಳಗೆ ನೋಂದಣಿಯಾದುದು. 1884ರಿಂದ ಕ್ರಮಸಂಖ್ಯೆಯ ಪದ್ಧತಿ ಬಂದಿತು. ಆಮದು ಸರಕಿನ ಮೇಲೆ ಮೂಲದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಮೆಕಿನ್ಲಿ ಸುಂಕದ ಕಾಯಿದೆ ವಿಧಿಸಿತು. ಹೀಗಾಗಿ 1891ರ ನಂತರದ ಸರಕಿನ ಮೇಲೆ ಸಾಮಾನ್ಯವಾಗಿ ‘ಇಂಗ್ಲೆಂಡ್’ ಎಂದಿರುತ್ತದೆ. ‘ಮೇಡ್ ಇನ್ ಇಂಗ್ಲೆಂಡ್’ ಎಂಬುದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ರೂಢಿ. ಯಾವುದೋ ದೇಶದ ಸುಂಕದ ನಿಯಮ ಇಂದು ಸಂಗ್ರಾಹಕನ ಕೈಗನ್ನಡಿಯಾಗಿದೆ.

ಹಳೆಯದೆಲ್ಲವೂ ದುಬಾರಿಯಲ್ಲ

ಬೆಲೆಯನ್ನು ನಿರ್ಧರಿಸುವುದು ವಯಸ್ಸೊಂದೇ ಅಲ್ಲ, ಪೂರೈಕೆ ಮತ್ತು ಬೇಡಿಕೆ. ಲಾಂಗ್ಟನ್ನಿನ ಶೆಲ್ಲಿ ಸಂಸ್ಥೆಯ, ಹೂವಿನೆಸಳಿನಂತೆ ಆರು ಮಡಿಕೆಗಳುಳ್ಳ ‘ಡೇಂಟಿ’ ಕಪ್ಪಿನ ಆಕಾರ 1896ರದು. ಸಂಸ್ಥೆಯು 1966ರಲ್ಲಿ ಅಲೈಡ್ ಇಂಗ್ಲಿಷ್ ಪಾಟರೀಸ್‌ನ ವಶವಾಯಿತು. ಹೊಸ ಶೆಲ್ಲಿ ಇನ್ನು ಬಾರದು. ಆದ್ದರಿಂದಲೇ ಅದನ್ನು ಅರಸುವವರಿದ್ದಾರೆ. ಹೆರಾಲ್ಡ್ ಹೋಲ್ಡ್‌ಕ್ರಾಫ್ಟ್ ರೂಪಿಸಿದ, ರಾಯಲ್ ಆಲ್ಬರ್ಟ್‌ನ ‘ಓಲ್ಡ್ ಕಂಟ್ರಿ ರೋಸಸ್’ 1962ರಲ್ಲಿ ಬಂದು ಮನೆಮನೆಗೂ ತಲುಪಿತು. ಅಂದವಿದೆ, ಆದರೆ ವಿರಳತೆಯಿಲ್ಲ.

ಉದ್ಯಮವೂ ಕುಸಿಯಿತು. ಸ್ಪೋಡ್ ಮತ್ತು ರಾಯಲ್ ವೂಸ್ಟರ್ ಹೆಸರುಗಳ ಒಡೆತನದ ಕಂಪನಿ 2008ರ ನವೆಂಬರಿನಲ್ಲಿ ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು; 2009ರಲ್ಲಿ ಪೋರ್ಟ್‌ಮೇರಿಯನ್ ಆ ಹೆಸರುಗಳನ್ನು ಕೊಂಡಿತು. ಸ್ಪೋಡ್ ಹೆಸರು ಉಳಿಯಿತು, ಸ್ಟೋಕ್‌ನ ಹಳೆಯ ಕಾರ್ಖಾನೆ ಉಳಿಯಲಿಲ್ಲ. ಯಂತ್ರ, ಕಟ್ಟಡಗಳಿಗಿಂತ ಗುಡ್‌ವಿಲ್ ದೀರ್ಘಾಯುಷಿ ಎಂಬುದನ್ನು ಉದ್ಯಮಿ ಮಿತ್ರರು ಗಮನಿಸಬೇಕು.

ಕೊಳ್ಳುವವರಿಗೆ ಕೆಲವು ಸೂಚನೆಗಳು

1. ಕಪ್ಪನ್ನು ಬೆಳಕಿಗೆ ಹಿಡಿಯಿರಿ. ಒಳಗಿಟ್ಟ ಬೆರಳಿನ ನೆರಳು ಹೊರಗೆ ಕಾಣಬೇಕು. ಬಿರುಕಿದ್ದರೆ ಅದೂ ಕಾಣುತ್ತದೆ.

2. ಉಗುರಿನಿಂದ ಮೆಲ್ಲನೆ ತಟ್ಟಿ. ಗಂಟೆಯಂಥ ನಾದ ಬಂದರೆ ಸರಿ. ಮಂಕಾದ ಸದ್ದು ಬಂದರೆ ಅನುಮಾನಿಸಿ.

3. ಕಪ್ಪು, ಸಾಸರು ಎರಡರ ಮುದ್ರೆಯನ್ನೂ ಹೋಲಿಸಿ. ಅಂಚಿನ ಚಿನ್ನದ ಗೆರೆ ಸವೆದಿದ್ದರೆ ಬೆಲೆ ಇಳಿಸಿ ಕೇಳಿ.

4. ರಸೀದಿಯನ್ನು ಜೋಪಾನವಾಗಿಡಿ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಸ್ವಂತ ಬಳಕೆಯ ಚರವಸ್ತುಗಳು ಬಂಡವಾಳ ಆಸ್ತಿಯಲ್ಲ. ಆದರೆ ಕಲಾಕೃತಿಗಳಿಗೆ ಈ ವಿನಾಯಿತಿ ಇಲ್ಲ. ಕೊಂಡು ಮಾರುವುದೇ ರೂಢಿಯಾದರೆ ಅದು ವ್ಯಾಪಾರವೆನಿಸೀತು. ಬ್ರಿಟನ್ನಿನಲ್ಲಿ 6,000 ಪೌಂಡಿನವರೆಗೆ ಮಾರಾಟವಾದ ಇಂಥ ವಸ್ತುವಿನ ಲಾಭಕ್ಕೆ ತೆರಿಗೆಯಿಲ್ಲ. ಆದರೆ ಒಂದೇ ಸೆಟ್ಟನ್ನು ಬಿಡಿಬಿಡಿಯಾಗಿ ಒಬ್ಬನಿಗೇ ಮಾರಿದರೆ ಒಟ್ಟಾಗಿಯೇ ಲೆಕ್ಕ ಹಾಕುತ್ತಾರೆ.

ಇದನ್ನು ಹೂಡಿಕೆಯೆಂದು ಯಾರಿಗೂ ನಾನು ಸಲಹೆ ಮಾಡಲಾರೆ. ಬಡ್ಡಿಯಿಲ್ಲ, ಲಾಭಾಂಶವಿಲ್ಲ, ಕೈಜಾರಿದರೆ ಅಸಲೂ ಇಲ್ಲ. ನೋಡುವ ಸಂತೋಷಕ್ಕಾಗಿ ಕೊಳ್ಳುವುದಾದರೆ ಮಾತ್ರ ಕೊಳ್ಳಿ.

ಬಿರುಕುಬಿಟ್ಟ ಆ ಕಪ್ಪು ಈಗ ನನ್ನ ಕಚೇರಿಯ ಮೇಜಿನ ಮೇಲೆ ಗುಂಡುಸೂಜಿಗಳನ್ನು ಹೊತ್ತು ಕುಳಿತಿದೆ. ಹೊಸದಾಗಿ ತರಬೇತಿಗೆ ಸೇರಿದ ಹುಡುಗರು ಅದೇನೆಂದು ಕೇಳಿದರೆ, “ಭೌತಿಕ ತಪಾಸಣೆಯಿಲ್ಲದೆ ಮಾಡಿದ ಖರೀದಿ” ಎಂದು ಹೇಳಿ, ಅವರನ್ನು ದಾಸ್ತಾನು ಎಣಿಸಲು ಕಳುಹಿಸುತ್ತೇನೆ.