ಹಡಗಿನ ಬಾಡಿಗೆ ಬಿದ್ದಾಗ ಖಲಾಸಿಯ ಪಗಾರ

ಹೊಸಪೇಟೆ–ಕೊಪ್ಪಳದ ಕಡೆ ಅದಿರು ಲಾರಿಗಳು ಸಾಲುಗಟ್ಟಿ ಓಡಿದ ಕಾಲ ಕಂಡವರಿಗೆ ಹಡಗಿನ ವ್ಯಾಪಾರವನ್ನು ಬೇರೆ ಕಲಿಸಬೇಕಿಲ್ಲ. ಚೀನಾ ಅದಿರು ಕೇಳಿತು, ಬಾಡಿಗೆ ಏರಿತು, ಸಾಲ ಮಾಡಿ ಲಾರಿ ಕೊಂಡರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ನಿಂತರೂ ಕಂತು ನಿಲ್ಲಲಿಲ್ಲ. ಅಂಥ ಹೊತ್ತಿನಲ್ಲಿ ಡ್ರೈವರ್‌ ಮಾಲೀಕನಿಂದ ಕೇಳುವ ಮಾತು ಒಂದೇ: ‘ಮುಂದಿನ ತಿಂಗಳ ನೋಡೋಣು.’

ಕಡಲಲ್ಲಿ ನಡೆಯುವುದೂ ಇದೇ. ಅದಿರು, ಕಲ್ಲಿದ್ದಲು, ಧಾನ್ಯ ಸಾಗಿಸುವ ಹಡಗುಗಳ ಬಾಡಿಗೆಯ ಏರಿಳಿತವನ್ನು ಬಾಲ್ಟಿಕ್ ಡ್ರೈ ಸೂಚ್ಯಂಕ ತೋರಿಸುತ್ತದೆ. 2008ರ ಮೇ 20ರಂದು ಅದು 11,793 ಇತ್ತು. ಅದೇ ಡಿಸೆಂಬರ್ 5ಕ್ಕೆ 663. ಗಂಗಾವತಿ ಪೇಟೆಯಲ್ಲಿ ಭತ್ತದ ಧಾರಣೆ ಬಿದ್ದದ್ದನ್ನು ಎಷ್ಟೋ ಸಲ ಕಂಡವರೂ ಇಂಥ ಕುಸಿತವನ್ನು ಕಂಡಿರಲಾರರು. ಅತ್ತ ಅಮೆರಿಕದ ಬ್ಯಾಂಕುಗಳು ಮುಗ್ಗರಿಸಿ, ಸರಕಿಗೆ ಸಾಲದ ಖಾತರಿ ಕೊಡುವವರೇ ಕಡಿಮೆಯಾದರು. ಇತ್ತ ಸುಗ್ಗಿಯ ದಿನಗಳಲ್ಲಿ ಆರ್ಡರ್ ಕೊಟ್ಟಿದ್ದ ಹೊಸ ಹಡಗುಗಳು ಎರಡು ಮೂರು ವರ್ಷ ಕಟ್ಟಿಸಿಕೊಂಡು, ಬಾಡಿಗೆಯೇ ಇಲ್ಲದ ಕಾಲಕ್ಕೆ ನೀರಿಗಿಳಿದವು.

ನಿಂತ ಲಾರಿಯ ಎಂಜಿನ್ ಆರಿಸಬಹುದು. ಹಡಗು ಲಂಗರು ಹಾಕಿದರೂ ಜನರೇಟರ್ ಓಡಬೇಕು, ವಿಮೆ ಕಟ್ಟಬೇಕು, ಒಳಗಿದ್ದವರಿಗೆ ಅನ್ನ ನೀರು ಬೇಕು. 2016ರ ಆಗಸ್ಟ್ 31ರಂದು ದಕ್ಷಿಣ ಕೊರಿಯಾದ ಹಾಂಜಿನ್ ಹಡಗು ಕಂಪನಿ ಸಾಲ ತೀರಿಸಲಾಗದೆ ಕೋರ್ಟಿನ ಮೊರೆ ಹೋದಾಗ, ಶುಲ್ಕ ಬರುವುದಿಲ್ಲವೆಂಬ ಭಯಕ್ಕೆ ಹಲವು ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸರಕಿನ ಜೊತೆ ನಾವಿಕರೂ ನಡುನೀರಿನಲ್ಲಿ ಕಾದರು. ಅದಾದರೂ ದೊಡ್ಡ ಕಂಪನಿ, ಸುದ್ದಿಯಾಯಿತು. ಒಂದೆರಡು ಹಳೆಯ ಹಡಗಿನ ಸಣ್ಣ ಮಾಲೀಕ, ಹಡಗಿನ ಬೆಲೆಗಿಂತ ಸಾಲವೇ ಹೆಚ್ಚಾದಾಗ, ಫೋನ್ ಎತ್ತುವುದನ್ನೇ ಬಿಟ್ಟುಬಿಡುತ್ತಾನೆ. ಖಲಾಸಿಗೆ ಇಳಿದು ಹೋಗುವುದೂ ಸುಲಭವಲ್ಲ. ಕಾವಲಿಗೆ ಇಷ್ಟು ಜನ ಇರಲೇಬೇಕೆಂದು ಬಂದರಿನವರು ತಡೆಯುತ್ತಾರೆ.

ಕುಷ್ಟಗಿಯಿಂದಲೋ ಯಲಬುರ್ಗಾದಿಂದಲೋ ಹಡಗಿಗೆ ಹೊರಟ ಹುಡುಗನಿಗೆ ಗೊತ್ತಿರಬೇಕಾದದ್ದು ಇಲ್ಲಿದೆ. ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2015ರಲ್ಲಿ ಅನುಮೋದಿಸಿದೆ. ಎರಡು ತಿಂಗಳು ಪಗಾರ ಕೊಡದಿದ್ದರೆ, ಅನ್ನ ನೀರು ನೋಡದಿದ್ದರೆ ಅಥವಾ ಊರಿಗೆ ಕಳಿಸುವ ಖರ್ಚು ಕೊಡದಿದ್ದರೆ, ಮಾಲೀಕ ಕೈಬಿಟ್ಟನೆಂದೇ ಅದರ ಲೆಕ್ಕ. 2017ರ ಜನವರಿಯಿಂದ ಇದಕ್ಕಾಗಿ ಮಾಲೀಕ ಖಾತರಿ ಅಥವಾ ವಿಮೆ ಇಟ್ಟಿರಬೇಕು: ನಾಲ್ಕು ತಿಂಗಳವರೆಗಿನ ಬಾಕಿ ಪಗಾರ, ಊಟ, ಊರಿಗೆ ಟಿಕೆಟ್ ಅದರಿಂದ ಸಿಗುತ್ತದೆ. ಆ ಖಾತರಿಯ ಪತ್ರ ಹಡಗಿನಲ್ಲಿ ಎಲ್ಲರಿಗೂ ಕಾಣುವಲ್ಲಿ ತೂಗುಹಾಕಿರಬೇಕು. ಹತ್ತಿದ ದಿನವೇ ಹುಡುಕಿ.

ಲಾರಿ ಡ್ರೈವರ್‌ಗೆ ಇಲ್ಲದ ಒಂದು ಬಲ ಖಲಾಸಿಗಿದೆ. ಅವನ ಪಗಾರ ಮಾಲೀಕನ ಮೇಲಿನ ಸಾಲ ಮಾತ್ರವಲ್ಲ, ಹಡಗಿಗೇ ಅಂಟಿದ ಸಾಲ; ಮಾಲೀಕ ಹಡಗನ್ನು ಬೇರೆಯವರಿಗೆ ಮಾರಿದರೂ ಬಿಡದು. ಕಡಲ ವ್ಯಾಜ್ಯಗಳ ಕುರಿತ ಭಾರತದ 2017ರ ಕಾಯ್ದೆಯಂತೆ ಹೈಕೋರ್ಟ್ ಹಡಗನ್ನು ಜಪ್ತಿ ಮಾಡಬಹುದು. ಹಡಗು ಮಂಗಳೂರಿನಲ್ಲಿದ್ದರೆ ನಮ್ಮ ಕರ್ನಾಟಕ ಹೈಕೋರ್ಟಿಗೇ ಆ ಅಧಿಕಾರವಿದೆ. ಹರಾಜಿನ ಹಣದಲ್ಲಿ ಬ್ಯಾಂಕಿನ ಅಡಮಾನಕ್ಕಿಂತ ಪಗಾರ ಮುಂದೆ. ಆದರೆ ಪಗಾರ ಬಾಕಿ ಬಿದ್ದ ಎರಡು ವರ್ಷದೊಳಗೆ ಹಡಗು ಜಪ್ತಿಯಾಗುವಂತೆ ಕೋರ್ಟಿಗೆ ಹೋಗಬೇಕು. ಕರಾರಿನ ಪ್ರತಿ, ಪ್ರತಿ ತಿಂಗಳ ಪಗಾರದ ಚೀಟಿಯ ಫೋಟೊ ಮನೆಯವರ ವಾಟ್ಸಾಪಿಗೆ ಕಳಿಸಿಡಿ. ಕೋರ್ಟು ಕೇಳುವುದು ಅವನ್ನೇ.