ಕಾಲಿಗೆ ಗೊತ್ತಿರುವ ಸತ್ಯ: ಶೂ, ಬ್ಯಾಗ್ ಕೊಳ್ಳುವಾಗ ನಾವು ನಂಬುವ ಏಳು ತಪ್ಪು ಕಲ್ಪನೆಗಳು

ಮಳೆಗಾಲದ ಒಂದು ಬೆಳಿಗ್ಗೆ. ಪುಣೆಯ ಹಿಂಜವಾಡಿ ಐಟಿ ಪಾರ್ಕಿನ ಫೇಸ್ ಎರಡರಲ್ಲಿ ಬಸ್ಸಿಳಿದು ಆಫೀಸಿನ ಗೇಟು ಮುಟ್ಟುವಷ್ಟರಲ್ಲಿ ನನ್ನ ಬಲಗಾಲಿನ ಶೂ ಯಾಕೋ ಹಗುರಾದಂತೆ ಅನಿಸಿತು. ತಿರುಗಿ ನೋಡಿದರೆ ಒದ್ದೆ ರಸ್ತೆಯುದ್ದಕ್ಕೂ ಕಪ್ಪು ಚೂರುಗಳು, ಒಣ ರೊಟ್ಟಿ ಮುರಿದು ಚೆಲ್ಲಿದ ಹಾಗೆ. ಅಟ್ಟೆಯೇ ಉದುರಿಹೋಗಿತ್ತು. ತಂಗಿಯ ಮದುವೆಗೆಂದು ಸಾವಿರಾರು ರೂಪಾಯಿ ಕೊಟ್ಟು ತಂದು, ಎರಡೇ ದಿನ ಹಾಕಿ, ಪೆಟ್ಟಿಗೆಯಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದ ಜೋಡಿ ಅದು.

ಮರದಡಿ ಚಪ್ಪಲಿ ಹೊಲಿಯುತ್ತ ಕೂತಿದ್ದ ಅಜ್ಜ ಆ ಶೂ ಕೈಗೆ ತಗೊಂಡು, ಉಳಿದಿದ್ದ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಉಗುರು ಸಲೀಸಾಗಿ ಒಳಗಿಳಿಯಿತು. "ಇದು ತುಳಿದು ಸವೆದದ್ದಲ್ರಿ, ಕೂತು ಕೂತು ಕೆಟ್ಟದ್ದು" ಅಂದರು, ಅಚ್ಚ ಕನ್ನಡದಲ್ಲಿ. ಅವರ ಊರು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದೆ, ಮನೆಮಾತು ಕನ್ನಡ. ಅಂದು ಆರಂಭವಾದ ನಮ್ಮ ಮಾತು ಇವತ್ತಿಗೂ ನಿಂತಿಲ್ಲ.

ಹಿಂಜವಾಡಿಗೆ ಕೆಲಸಕ್ಕೆಂದು ಬರುವ ಕನ್ನಡದ ಹುಡುಗ ಹುಡುಗಿಯರು ಮೊದಲ ಸಂಬಳದಲ್ಲಿ ಕೊಳ್ಳುವ ಸಾಮಾನುಗಳಲ್ಲಿ ಒಂದು ಜೋಡಿ ಒಳ್ಳೆಯ ಶೂ, ಒಂದು ಒಳ್ಳೆಯ ಬ್ಯಾಗ್ ಇದ್ದೇ ಇರುತ್ತವೆ. ದುಡಿದ ದುಡ್ಡು ಅದು. ಹುಸಿ ನಂಬಿಕೆಗಳಿಗೆ ಅದು ಸೋರಿಹೋಗಬಾರದು. ಅದಕ್ಕೇ ಈ ಬರಹ.

1. ತಪ್ಪು ಕಲ್ಪನೆ: ಹಾಕದೆ ಎತ್ತಿಟ್ಟರೆ ಶೂ ಹೆಚ್ಚು ಕಾಲ ಬಾಳುತ್ತದೆ

ಸತ್ಯ: ಅಟ್ಟೆ ಯಾವುದರದ್ದು ಎಂಬುದರ ಮೇಲೆ ಶೂಗಳ ಆಯಸ್ಸು ನಿಂತಿದೆ. ಇಂದಿನ ಹಗುರ, ಮೆತ್ತನೆಯ ಶೂಗಳಲ್ಲಿ ಬಹಳಷ್ಟಕ್ಕೆ ಪಾಲಿಯುರಿಥೇನ್ ಅಟ್ಟೆ ಇರುತ್ತದೆ. ಅಂಗಡಿಯವರು ಪಿಯು ಅನ್ನುವುದು ಇದಕ್ಕೇ. ಗಾಳಿಯಲ್ಲಿನ ತೇವ ಇದರ ಅಣುಸರಪಳಿಯನ್ನು ನಿಧಾನವಾಗಿ ಕಡಿಯುತ್ತದೆ. ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಒಂದು ದಿನ ಭಾರ ಬಿದ್ದಾಗ ಪುಡಿಯಾಗುತ್ತದೆ. ಸಹ್ಯಾದ್ರಿಯ ಮಗ್ಗುಲಲ್ಲಿರುವ ಹಿಂಜವಾಡಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೂ ತೇವವೇ. ಮುಚ್ಚಿದ ಪೆಟ್ಟಿಗೆ ಶೂಗಳನ್ನು ಕಾಪಾಡುವುದಿಲ್ಲ, ತೇವವನ್ನು ಕೂಡಿಹಾಕುತ್ತದೆ.

ಹಾಗಾಗಿ ಆಗಾಗ ಹಾಕಿ, ಗಾಳಿಯಾಡಲು ಬಿಡಿ. ಒದ್ದೆಯಾದರೆ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಬಹಳ ದಿನ ಇಟ್ಟಿದ್ದ ಜೋಡಿಯನ್ನು ಹಾಕಿಕೊಳ್ಳುವ ಮೊದಲು ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಗ್ಗದ ಬ್ಯಾಗುಗಳ ಮೇಲ್ಪದರ ಸಿಪ್ಪೆ ಏಳುವುದಕ್ಕೂ ಹೆಚ್ಚಾಗಿ ಪಿಯುವನ್ನು ಕೆಡಿಸುವ ಈ ತೇವವೇ ಕಾರಣ.

2. ತಪ್ಪು ಕಲ್ಪನೆ: ನನ್ನ ಸೈಜ್ ಎಂಟು, ಬಿಗಿಯಾದರೂ ಹಾಕ್ತಾ ಹಾಕ್ತಾ ಸಡಿಲಾಗುತ್ತೆ

ಸತ್ಯ: ಸೈಜು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಮೂರನೇ ಒಂದು ಇಂಚು, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಯುರೋಪಿನ ಪದ್ಧತಿಯಲ್ಲಿ ಸುಮಾರು 6.7 ಮಿಲಿಮೀಟರ್. ಎರಡೂ ಕರಾರುವಾಕ್ಕಾಗಿ ಕೂಡುವುದೇ ಇಲ್ಲ. ಆದ್ದರಿಂದಲೇ ಒಂದೇ ಕಾಲಿಗೆ ಒಂದು ಅಂಗಡಿಯಲ್ಲಿ 41, ಇನ್ನೊಂದರಲ್ಲಿ 42.

ಇದಕ್ಕಿಂತ ದೊಡ್ಡ ತೊಡಕು ಅಗಲದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ, ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ತ್ರೀಡಿ ಯಂತ್ರದಿಂದ ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರಲ್ಲಿ ಕಂಡುಬಂತು. ನಮ್ಮದೇ ಅಳತೆಗಾಗಿ 'ಭ' ಎಂಬ ಹೆಸರಿನ ಹೊಸ ಸೈಜು ಪದ್ಧತಿಯ ಪ್ರಸ್ತಾಪ ಹುಟ್ಟಿದ್ದು ಹೀಗೆ. ಪರದೇಶದ ಅಚ್ಚಿನಲ್ಲಿ ಎರಕವಾದ ಶೂ ಕಿರುಬೆರಳನ್ನು ಕಚ್ಚಿದರೆ ತಪ್ಪು ನಿಮ್ಮ ಕಾಲಿನದಲ್ಲ.

ಸಡಿಲಾಗುವ ಮಾತೂ ಅರ್ಧ ಸತ್ಯವೇ. ಚರ್ಮ ಅಗಲಕ್ಕೆ ತುಸು ಹಿಗ್ಗುತ್ತದೆ, ಉದ್ದಕ್ಕೆ ಬೆಳೆಯುವುದಿಲ್ಲ. ಕೃತಕ ವಸ್ತು ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ದಿನವಿಡೀ ಓಡಾಡಿದ ಪಾದ ಸಂಜೆಗೆ ಕೊಂಚ ಊದಿರುತ್ತದೆ. ಶೂ ನೋಡಲು ಅದೇ ಸರಿಯಾದ ಹೊತ್ತು. ಎರಡೂ ಕಾಲಿಗೆ ಹಾಕಿ, ಎದ್ದು ನಿಂತು, ಅಂಗಡಿಯೊಳಗೆ ನಾಲ್ಕು ಸುತ್ತು ನಡೆಯಿರಿ. ಉದ್ದದ ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಉಳಿಯಲಿ. ಕಚ್ಚುತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ.

3. ತಪ್ಪು ಕಲ್ಪನೆ: 'ಜೆನ್ಯುಯಿನ್ ಲೆದರ್' ಅಂದರೆ ಮೇಲ್ದರ್ಜೆಯ ಚರ್ಮ, ಲೈಟರ್ ಹಿಡಿದರೆ ಸತ್ಯ ಗೊತ್ತಾಗುತ್ತದೆ

ಸತ್ಯ: ಆ ಮುದ್ರೆ ಹೇಳುವುದು ಇಷ್ಟೇ: ಇದರಲ್ಲಿ ಚರ್ಮವಿದೆ. ಎಂಥ ಚರ್ಮ ಎಂದು ಹೇಳುವುದಿಲ್ಲ. ದಪ್ಪ ತೊಗಲನ್ನು ಪದರ ಪದರವಾಗಿ ಸೀಳುತ್ತಾರೆ. ರೋಮದ ಕಡೆಯ ಮೇಲ್ಪದರ ಗಟ್ಟಿ. ಅದನ್ನು ಉಜ್ಜದೆ ಉಳಿಸಿಕೊಂಡದ್ದು ಫುಲ್ ಗ್ರೇನ್. ಕೆಳಪದರಕ್ಕೆ ಬಣ್ಣದ ಲೇಪ ಕೊಟ್ಟು, ಮೇಲೆ ಗೆರೆಗಳನ್ನು ಒತ್ತಿ ಮಾರುವುದೂ ಚರ್ಮವೇ, ಆದರೆ ಬಾಳಿಕೆ ಕಡಿಮೆ. ಚೂರು ತೊಗಲನ್ನು ಅರೆದು ಅಂಟಿನಿಂದ ಕೂಡಿಸಿದ್ದು ಬಾಂಡೆಡ್ ಲೆದರ್; ಅದು ಬೇಗ ಬಿರುಕು ಬಿಡುತ್ತದೆ. 'ವೇಗನ್ ಲೆದರ್' ಎಂಬ ಚೆಂದದ ಹೆಸರಿನಡಿ ಸಿಗುವುದರಲ್ಲಿ ಬಹುಪಾಲು ಪಿಯು ಅಥವಾ ಪಿವಿಸಿ, ಅಂದರೆ ಪ್ಲಾಸ್ಟಿಕ್. ಪ್ರಾಣಿಹಿಂಸೆ ಬೇಡವೆನ್ನುವವರು ಅದನ್ನು ಕೊಳ್ಳುವುದು ಸರಿಯೇ. ಮಣ್ಣಿಗೆ ಸಲೀಸಾಗಿ ಸೇರುತ್ತದೆ ಎಂದು ಮಾತ್ರ ನಂಬಬೇಡಿ.

ಬೆಂಕಿಯ ಪರೀಕ್ಷೆ ನೋಡಲು ಜೋರು, ಸಾಬೀತು ಮಾಡುವುದು ಸ್ವಲ್ಪ. ತೊಗಲು ಸುಟ್ಟರೆ ಕೂದಲು ಸುಟ್ಟ ವಾಸನೆ ಬರುವುದು ನಿಜ. ಕೆಳಪದರದ ಅಗ್ಗದ ಚರ್ಮಕ್ಕೂ ಅದೇ ವಾಸನೆ. ಬದಲಿಗೆ ಬ್ಯಾಗಿನ ಕತ್ತರಿಸಿದ ಅಂಚು ನೋಡಿ: ನಾರುನಾರಾಗಿದ್ದರೆ ತೊಗಲು, ಬಟ್ಟೆಯ ಮೇಲೆ ತೆಳು ಪೊರೆಯಿದ್ದರೆ ಕೃತಕ. ಹಿಡಿಕೆ ಬ್ಯಾಗಿಗೆ ಸೇರುವ ಜಾಗದಲ್ಲಿ ಹೊಲಿಗೆ ಒತ್ತಾಗಿ, ಎರಡು ಸಾಲಾಗಿ ಇದೆಯೇ ನೋಡಿ. ಜಿಪ್ಪನ್ನು ಹತ್ತು ಸಲ ಎಳೆಯಿರಿ. ಲ್ಯಾಪ್‌ಟಾಪ್, ಬುತ್ತಿ, ನೀರಿನ ಬಾಟಲಿ ಹಾಕಿಕೊಂಡು ಒಂದೇ ಹೆಗಲಿಗೆ ನೇತುಹಾಕುವವರು ಖಾಲಿ ಬ್ಯಾಗಿನ ತೂಕವನ್ನೂ ನೋಡಲೇಬೇಕು.

4. ತಪ್ಪು ಕಲ್ಪನೆ: 'ಫಸ್ಟ್ ಕಾಪಿ' ಅಂದರೆ ಅದೇ ಕಾರ್ಖಾನೆಯ ಹೆಚ್ಚುವರಿ ಮಾಲು

ಸತ್ಯ: ಪುಣೆ ಕ್ಯಾಂಪಿನ ಫ್ಯಾಷನ್ ಸ್ಟ್ರೀಟ್ ಇರಲಿ, ಬೆಂಗಳೂರಿನ ಗಲ್ಲಿಯಿರಲಿ, ಈ ಮಾತು ಎಲ್ಲ ಕಡೆ ಕೇಳುತ್ತದೆ. ಫಸ್ಟ್ ಕಾಪಿ ಎಂಬ ದರ್ಜೆಯೇ ಇಲ್ಲ. ಅನುಮತಿಯಿಲ್ಲದೆ ಬೇರೊಬ್ಬರ ಗುರುತು ಅಂಟಿಸಿದ ಮಾಲು ನಕಲಿ, ಅಷ್ಟೇ. ಅದನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ: ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಕೊಂಡವರಿಗೆ ಗ್ಯಾರಂಟಿಯಿಲ್ಲ, ಬಿಲ್ಲಿಲ್ಲ, ಕೇಳುವ ಜಾಗವಿಲ್ಲ. ಅದೇ ರಸ್ತೆಗಳಲ್ಲಿ ಯಾರ ಹೆಸರನ್ನೂ ಹೊರದ, ಚೆಂದದ, ಕೈಗೆಟುಕುವ ಬ್ಯಾಗುಗಳು ಬೇಕಾದಷ್ಟಿವೆ. ಚೌಕಾಸಿ ಮಾಡಿ ಅವನ್ನು ಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ.

5. ತಪ್ಪು ಕಲ್ಪನೆ: 'ಮಾರಿದ ಮಾಲು ವಾಪಸಿಲ್ಲ' ಎಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೆ ಮುಗಿಯಿತು

ಸತ್ಯ: ಮುಗಿಯುವುದಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನ್ಯಾಯದ ವ್ಯಾಪಾರ. ಬಿಲ್ ಕೊಡದಿರುವುದೂ ಹಾಗೆಯೇ. ಆದರೆ ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ಹಿಂತಿರುಗಿಸುವುದು ಅಂಗಡಿಯ ನಿಯಮಕ್ಕೆ ಬಿಟ್ಟದ್ದು.

ಇನ್ನೊಂದು ಗೊಂದಲ ತೆರಿಗೆಯದು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ರಿಯಾಯಿತಿ ಘೋಷಿಸಿ, ಇಳಿಸಿದ ದರದ ಮೇಲೆ ಮತ್ತೆ ತೆರಿಗೆ ಹಾಕುವುದು ತಪ್ಪು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ 5%, ಅದಕ್ಕೂ ಮೇಲ್ಪಟ್ಟದ್ದಕ್ಕೆ 18%. ಕೈಚೀಲಕ್ಕೆ ಕೇಳುವ ಮೂರು ರೂಪಾಯಿಯೂ ಸಣ್ಣ ಮಾತಲ್ಲ: ಕಂಪನಿಯ ಜಾಹೀರಾತಿದ್ದ ಕಾಗದದ ಚೀಲಕ್ಕೆ ದುಡ್ಡು ಪಡೆದ ಪ್ರಕರಣದಲ್ಲಿ ಚಂಡೀಗಢದ ಗ್ರಾಹಕ ವೇದಿಕೆ 2019ರಲ್ಲಿ ಬಾಟಾ ಒಟ್ಟು 9,000 ರೂಪಾಯಿ ಕೊಡಬೇಕೆಂದು ಆದೇಶಿಸಿತ್ತು. ದೂರಿಗೆ ರಾಷ್ಟ್ರೀಯ ಸಹಾಯವಾಣಿ 1915.

6. ತಪ್ಪು ಕಲ್ಪನೆ: ಒಳ್ಳೆಯದು ಬೇಕಾದರೆ ಹಿಂಜವಾಡಿ ಬಿಟ್ಟು ಊರ ನಡುವಿಗೇ ಹೋಗಬೇಕು

ಸತ್ಯ: ಬ್ರ್ಯಾಂಡಿನ ಶೂ ಬೇಕಿದ್ದರೆ ಇಡೀ ಶನಿವಾರ ಟ್ರಾಫಿಕ್ಕಿನಲ್ಲಿ ಕಳೆಯಬೇಕಿಲ್ಲ. ಪಕ್ಕದ ವಾಕಡದಲ್ಲೇ 2023ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಫೀನಿಕ್ಸ್ ಮಾಲ್ ತೆರೆದಿದೆ. ಒಂದೇ ಮಾದರಿಯ ಶೂ ಮೇಲಿನ ಎಂಆರ್‌ಪಿ ಕ್ಯಾಂಪಿನಲ್ಲೂ ಅದೇ, ವಾಕಡದಲ್ಲೂ ಅದೇ. ಊರ ನಡುವಿನ ಹಳೇ ಪೇಟೆಗೆ ಹೋಗಬೇಕಾದದ್ದು ಮಾಲಿನಲ್ಲಿ ಸಿಗದ್ದಕ್ಕೆ: ತುಳಶಿಬಾಗಿನ ಸಾಲು ಅಂಗಡಿಗಳಲ್ಲಿ ಹತ್ತು ಬ್ಯಾಗು ಕೈಯಲ್ಲಿ ಹಿಡಿದು ಹೋಲಿಸಿ ನೋಡುವುದಕ್ಕೆ, ಲಕ್ಷ್ಮಿ ರಸ್ತೆಯಲ್ಲಿ ಬೆಲೆ ವಿಚಾರಿಸುತ್ತ ನಡೆಯುವುದಕ್ಕೆ.

7. ತಪ್ಪು ಕಲ್ಪನೆ: ಕೊಲ್ಹಾಪುರಿ ಚಪ್ಪಲಿ ಕೊಲ್ಹಾಪುರದ್ದು ಮಾತ್ರ, ಅದು ಮರಾಠಿಯವರ ಕಸುಬು

ಸತ್ಯ: ಈ ಒಂದು ನಂಬಿಕೆಯನ್ನು ಕನ್ನಡಿಗರೂ ತಲೆಬಾಗಿಸಿ ಒಪ್ಪಿಕೊಂಡಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. 2019ರ ಹೊತ್ತಿಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ನಾಲ್ಕಾದರೆ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಉಳಿದ ನಾಲ್ಕು. ಅಥಣಿ, ನಿಪ್ಪಾಣಿ ಸೀಮೆಯ ಮನೆಗಳಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರದ ಪೇಟೆಗೆ ಹೋಗಿ ಆ ಪೇಟೆಯ ಹೆಸರು ಹೊತ್ತಿತು. ಈಗಿನ ರಾಜ್ಯಗಡಿ ಬಿದ್ದದ್ದು 1956ರಲ್ಲಿ. ಕಸುಬು ಅದಕ್ಕಿಂತ ಎಷ್ಟೋ ಹಿಂದಿನದು. ತೊಗಲು ಹದ ಮಾಡುವ ಢೋರರು, ಹೊಲಿಯುವ ಸಮಗಾರರು ಗಡಿಯ ಎರಡೂ ಕಡೆ ಇದ್ದಾರೆ, ಎರಡೂ ಭಾಷೆ ಆಡುತ್ತಾರೆ. ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರೆಂದು ನಾವು ನೆನೆಯುವ ಹರಳಯ್ಯ, ಕಲ್ಯಾಣಮ್ಮ ದಂಪತಿಯ ನಾಡು ಇದು. ಆ ಕಸುಬನ್ನು ನಮ್ಮದೆನ್ನಲು ಸಂಕೋಚ ಯಾಕೆ?

ಅಜ್ಜ ಒಂದು ದಿನ ತಮ್ಮ ಕಾಲಿನ ಕೊಲ್ಹಾಪುರಿ ಚಪ್ಪಲಿಯನ್ನೇ ಬಿಚ್ಚಿ ನನ್ನ ಮುಂದೆ ಮಗುಚಿದರು. "ಮೊಳೆ ಹುಡುಕ್ರಿ" ಅಂದರು. ಒಂದೂ ಇರಲಿಲ್ಲ. ಅಟ್ಟೆಯ ಪದರಗಳನ್ನು ತೊಗಲಿನದೇ ಸಣ್ಣ ದಾರದಿಂದ ಹೊಲಿಯಲಾಗಿತ್ತು. ಪಕ್ಕದಿಂದ ನೋಡಿದರೆ ಪದರಗಳನ್ನು ಎಣಿಸಬಹುದಿತ್ತು. ಹೆಬ್ಬೆರಳು ತೂರಿಸುವ ಉಂಗುಟ ಉಜ್ಜಿ ಉಜ್ಜಿ ಕಪ್ಪಾಗಿತ್ತು. ಮೇಲಿನ ಪಟ್ಟಿಗೆ ಕೂದಲು ಹೆಣೆದಷ್ಟು ಸಣ್ಣಗೆ ತೊಗಲಿನ ಜಡೆ. ಇಂಥ ನಾಜೂಕು ಕೆಲಸ ಅಥಣಿ ಕಡೆ ಹೆಚ್ಚಾಗಿ ಹೆಣ್ಣುಮಕ್ಕಳದು. ಜಾಲಿಮರದ ತೊಗಟೆ, ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಹದಗೊಂಡ ತೊಗಲಿಗೆ ಬರುವ ಕಂದು ಬಣ್ಣ ಅದರದು. ಅಸಲಿಯನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ವಿನ್ಯಾಸವನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ದೊಡ್ಡ ಗದ್ದಲವಾಯಿತು. ಕೊನೆಗೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್‌ಕಾಮ್ ಜತೆಗೆ ನಮ್ಮ ಲಿಡ್ಕರ್, ಅಂದರೆ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಎರಡರೊಂದಿಗೂ ಒಪ್ಪಂದ ಮಾಡಿಕೊಂಡಿತು. 2,000 ಜೋಡಿ, ಒಂದೊಂದಕ್ಕೆ ಸುಮಾರು 800 ಯೂರೊ ಎಂಬುದು ಆಗಿನ ಯೋಜನೆಯಾಗಿತ್ತು. ಇಟಲಿಯ ಕಂಪನಿಯ ಸಹಿ ಎರಡೂ ರಾಜ್ಯಗಳ ಹೆಸರಿನ ಮುಂದೆ ಬಿತ್ತು. ನಾವಿನ್ನೂ ಒಂದೇ ರಾಜ್ಯದ ಹೆಸರು ಹೇಳುತ್ತಿದ್ದೇವೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಕೊಲ್ಹಾಪುರಿ ಚಪ್ಪಲಿಯ ತೊಗಲು ನೀರು ಕುಡಿಯುತ್ತದೆ. ಹಿಂಜವಾಡಿಯ ಮಳೆಗೆ ಇದನ್ನು ಹಾಕಬೇಡಿ, ಪದರ ಬಿಡುತ್ತದೆ. ಹೊಸದಿದ್ದಾಗ ಪಟ್ಟಿಗೆ ಎರಡು ಹನಿ ಹರಳೆಣ್ಣೆ ತಿಕ್ಕಿದರೆ ಮೆತ್ತಗಾಗುತ್ತದೆ.

ಇನ್ನು ಉದುರಿಹೋದ ನನ್ನ ಶೂಗಳ ಕತೆ. ಎಸೆಯಲು ಹೊರಟವನ ಕೈಯಿಂದ ಅಜ್ಜ ಇಸಿದುಕೊಂಡರು. ಮೇಲ್ಭಾಗ ಒಳ್ಳೆಯ ತೊಗಲಿನದಾಗಿತ್ತು. ಉಳಿದ ಪಿಯು ಕೆರೆದು ತೆಗೆದು, ರಬ್ಬರಿನ ಅಟ್ಟೆ ಕೂಡಿಸಿ, ಸುತ್ತಲೂ ಮೇಣ ಸವರಿದ ದಾರದಲ್ಲಿ ಹೊಲಿದು ಎರಡು ದಿನಕ್ಕೆ ಕೊಟ್ಟರು. ಮದುವೆಯಲ್ಲಿ ಎರಡು ದಿನ ಕಂಡ ಜೋಡಿ ಈಗ ವಾರಕ್ಕೆ ಮೂರು ದಿನ ಆಫೀಸಿಗೆ ನಡೆಯುತ್ತಿದೆ. ದಾರಿಯಲ್ಲಿ ಅಜ್ಜ ಕಂಡರೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಅಟ್ಟೆಯ ಹೊಲಿಗೆಯನ್ನು. ಅದು ಗಟ್ಟಿಯಾಗಿದೆ ಎಂದು ಕಂಡ ಮೇಲೆಯೇ "ಆರಾಮ ಅದೀರೇನ್ರಿ" ಅನ್ನುತ್ತಾರೆ.